ಮುಖ ಗೊತ್ತು, ಹೆಸರು ಗೊತ್ತಿಲ್ಲ: ಪೋಷಕ ನಟರ ಪಟ್ಟಿ ಮಾಡೋದು ಹೇಗೆ

ಟೀವಿಯಲ್ಲಿ ಹಳೇ ಸಿನಿಮಾ ಬಂದರೆ ನಮ್ಮ ಮನೆಯಲ್ಲಿ ಹೀರೋ ಬಗ್ಗೆ ಮಾತೇ ಇರುವುದಿಲ್ಲ. "ಇವರು ಅವರಲ್ವಾ? ಇನ್ನೊಂದರಲ್ಲಿ ಪೋಸ್ಟ್‌ಮ್ಯಾನ್ ಆಗಿದ್ರಲ್ಲ?" ಅಂತ ಅಮ್ಮ ಶುರು ಮಾಡುತ್ತಾರೆ. ಮುಖ ಎಲ್ಲರಿಗೂ ಗೊತ್ತು, ಹೆಸರು ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ಹೀಗೇ ಸುಮ್ನೆ ಕುತೂಹಲಕ್ಕೆ ಒಬ್ಬೊಬ್ಬರು ನಟಿಸಿದ ಸಿನಿಮಾಗಳ ಪಟ್ಟಿ ಮಾಡಲು ಹೊರಟೆ, ಈಗ ಅದು ಚಟವಾಗಿದೆ. ನಿಮ್ಮ ತಲೆಯಲ್ಲೂ ಅಂಥ ಒಬ್ಬ ನಟ ಕೂತಿದ್ದರೆ ಮುಂದೆ ಓದಿ.

ಮೊದಲು ಹೆಸರು ಹಿಡಿಯಿರಿ. ನಮ್ಮ ಪೋಷಕ ನಟರ ಹೆಸರಲ್ಲೇ ಅರ್ಧ ಕಥೆ ಇರುತ್ತದೆ. 'ಮುಖ್ಯಮಂತ್ರಿ' ನಾಟಕದಿಂದ ಮುಖ್ಯಮಂತ್ರಿ ಚಂದ್ರು ಆದರು. ದೂರದರ್ಶನದ 'ಸಿಹಿ ಕಹಿ' ಧಾರಾವಾಹಿಯಿಂದ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ ಆದರು. 1966ರ 'ತೂಗುದೀಪ' ಬಂದ ಮೇಲೆ ಶ್ರೀನಿವಾಸ್ ಅವರು ತೂಗುದೀಪ ಶ್ರೀನಿವಾಸ್ ಆದರು. ಬ್ಯಾಂಕ್ ಜನಾರ್ಧನ್ ನಿಜವಾಗಲೂ ಬ್ಯಾಂಕ್‌ನಲ್ಲಿ ಕೆಲಸ ಮಾಡಿದವರೇ. ಹೊನ್ನವಳ್ಳಿ ಕೃಷ್ಣ, ಮಂಡ್ಯ ರಮೇಶ್, ಮೈಸೂರು ಲೋಕೇಶ್ ಅಂದರೆ ಊರು ಗೊತ್ತಾಯಿತು, ಹುಡುಕುವುದು ಎಲ್ಲಿಂದ ಅಂತಲೂ ಗೊತ್ತಾಯಿತು.

ಇದರಲ್ಲೊಂದು ತೊಡಕಿದೆ. ಈ ಬಾಲ ಅಂಟಿಕೊಳ್ಳುವ ಮೊದಲು ಅವರು ಮಾಡಿದ ಸಿನಿಮಾಗಳಲ್ಲಿ ಬರೀ 'ಚಂದ್ರು' ಅಂತಲೋ 'ಶ್ರೀನಿವಾಸ್' ಅಂತಲೋ ಇರಬಹುದು. ಹುಡುಗರಾಗಿದ್ದಾಗ ನಟಿಸಿದ್ದರೆ ಹೆಸರಿಗೆ ಮೊದಲು 'ಮಾಸ್ಟರ್' ಸೇರಿರಬಹುದು. ಇನಿಷಿಯಲ್ ಕೂಡ ಕೈಕೊಡುತ್ತದೆ. ದತ್ತಣ್ಣ ಅವರನ್ನು ಹುಡುಕುವಾಗ ಎಚ್.ಜಿ. ದತ್ತಾತ್ರೇಯ ಅಂತ ಒಂದು ಸಲ, ಹೆಚ್.ಜಿ. ದತ್ತಾತ್ರೇಯ ಅಂತ ಇನ್ನೊಂದು ಸಲ ಟೈಪ್ ಮಾಡಲೇಬೇಕು. ನಮ್ಮ 'ಎಚ್'–'ಹೆಚ್' ಜಗಳ ಮುಗಿಯುವ ತನಕ ಇದು ತಪ್ಪಿದ್ದಲ್ಲ. ಹಾಗಾಗಿ ಶುರುವಿನಲ್ಲೇ ಒಂದು ಹಾಳೆಯಲ್ಲಿ ಆ ನಟರ ಹೆಸರನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಅದೇ ಹೆಸರಿನ ಬೇರೆಯವರನ್ನೂ ಬರೆಯಿರಿ. ಅಶ್ವಥ್ ಅಂದರೆ ನಟ ಕೆ.ಎಸ್. ಅಶ್ವಥ್ ಅವರೂ ಹೌದು, ಸಂಗೀತದ ಸಿ. ಅಶ್ವಥ್ ಅವರೂ ಹೌದು. ನಾನು ಒಂದು ಸಲ ಒಬ್ಬ ಕೃಷ್ಣ ಅವರ ಪಟ್ಟಿಗೆ ಇನ್ನೊಬ್ಬ ಕೃಷ್ಣ ಅವರ ಆರು ಸಿನಿಮಾ ಸೇರಿಸಿಬಿಟ್ಟಿದ್ದೆ. ಯಾವುದೋ ಜಾಲತಾಣದಲ್ಲಿ ಹಾಗೇ ಇತ್ತು, ನಾನೂ ಕಣ್ಣು ಮುಚ್ಚಿಕೊಂಡು ಇಳಿಸಿಕೊಂಡೆ. ಒಂದು ವಾರದ ಕೆಲಸ ನೀರುಪಾಲು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಟೈಟಲ್ ಕಾರ್ಡ್, ಅಂದರೆ ತೆರೆಯ ಮೇಲೆ ನಟರ ಹೆಸರು ಬರುವ ಭಾಗ, ಕಣ್ಣಾರೆ ನೋಡದೆ, ಇಲ್ಲವೇ ಆ ನಟರನ್ನು ದೃಶ್ಯದಲ್ಲಿ ಗುರುತಿಸದೆ ಯಾವ ಸಿನಿಮಾವನ್ನೂ 'ಖಚಿತ' ಅಂತ ಬರೆಯುವುದಿಲ್ಲ. ನೆಟ್‌ನಲ್ಲಿ ಸಿಗುವ ಪಟ್ಟಿಗಳನ್ನು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ.

ಟೈಟಲ್ ಕಾರ್ಡ್ ನೋಡುವುದಕ್ಕೂ ಒಂದು ರೀತಿ ಇದೆ. ಯೂಟ್ಯೂಬ್‌ನಲ್ಲಿ ಹಾಕಿದ ಹಳೇ ಸಿನಿಮಾಗಳಲ್ಲಿ ಎಷ್ಟೋ ಸಲ ಟೈಟಲ್ ಕತ್ತರಿಸಿರುತ್ತಾರೆ, ಅಥವಾ ಕಂಪನಿಯ ಲೋಗೋ ಸರಿಯಾಗಿ ಹೆಸರಿನ ಮೇಲೇ ಕೂತಿರುತ್ತದೆ. ಆಗ ಅದೇ ಸಿನಿಮಾದ ಬೇರೆ ಅಪ್‌ಲೋಡ್ ಹುಡುಕಿ, ಹಳೇ ವಿಸಿಡಿ ಸಿಕ್ಕರೆ ಮೊದಲನೇ ಡಿಸ್ಕ್ ಹಾಕಿ ನೋಡಿ. ವೇಗ ಕಡಿಮೆ ಮಾಡಿ, ಹೆಸರು ಬಂದಲ್ಲಿ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಸಿನಿಮಾ ಹೆಸರಿನಲ್ಲೇ ಸೇವ್ ಮಾಡಿ. ಸೆನ್ಸಾರ್ ಸರ್ಟಿಫಿಕೇಟ್ ಬಂದರೆ ಅದರದ್ದೂ ಒಂದು ಇರಲಿ, ತಾರೀಕು ಅದರಲ್ಲಿರುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಕಾರ್ಡ್‌ನಲ್ಲಿ ಹೆಸರಿದೆ, ಮುಖ ಇಲ್ಲ. ಸಿನಿಮಾದಲ್ಲಿ ಮುಖ ಇದೆ, ಹೆಸರಿಲ್ಲ. ಒಂದೇ ಕಾರ್ಡ್ ಮೇಲೆ ಹದಿನೈದು ಹೆಸರು ಗುಡ್ಡೆ ಹಾಕಿ ಕೊನೆಗೆ 'ಮತ್ತು ಇತರರು' ಅಂತ ಕೈತೊಳೆದುಕೊಂಡಿರುತ್ತಾರೆ. ನಾನು ಮಾಡುವುದು ಹೀಗೆ: ನನಗೆ ಬೇಕಾದ ಮುಖ ಇರುವ ಎರಡು ಮೂರು ಸಿನಿಮಾ ತೆಗೆದುಕೊಂಡು, ಅವುಗಳ ಕಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲದರಲ್ಲೂ ಬರುವ ಹೆಸರು ಯಾವುದು ನೋಡುತ್ತೇನೆ. ಗೊತ್ತಿರುವವರನ್ನು ಹೊಡೆದುಹಾಕುತ್ತಾ ಬಂದರೆ ಕೊನೆಗೆ ಎರಡೋ ಮೂರೋ ಹೆಸರು ಉಳಿಯುತ್ತವೆ. ನಾಲ್ಕನೇ ಸಿನಿಮಾಕ್ಕೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾರೆ.

ಕೈ ಪಳಗಿಸಿಕೊಳ್ಳಲು ಎಂ.ಎಸ್. ಉಮೇಶ್ ಅವರನ್ನು ತೆಗೆದುಕೊಳ್ಳಿ. ತೀರಾ ಅಪರಿಚಿತರೇನಲ್ಲ, 'ಗೋಲ್‌ಮಾಲ್ ರಾಧಾಕೃಷ್ಣ'ದ ಸೀತಾಪತಿ ಅಂದರೆ ಯಾರಿಗೂ ನಗು ಬರುತ್ತದೆ. ಆದರೆ ಆ ಸಿನಿಮಾ ಬಂದದ್ದು 1990ರಲ್ಲಿ, ಅವರು ಮೊದಲು ತೆರೆಗೆ ಬಂದದ್ದು 1960ರ 'ಮಕ್ಕಳ ರಾಜ್ಯ'ದಲ್ಲಿ, ಬಿ.ಆರ್. ಪಂತುಲು ಅವರ ಸಿನಿಮಾ. ನಡುವೆ ಮೂವತ್ತು ವರ್ಷ ಇದೆ ನೋಡಿ! ಅದಕ್ಕೂ ಹಿಂದೆ, ಇನ್ನೂ ಪುಟ್ಟ ಹುಡುಗನಾಗಿದ್ದಾಗಲೇ ಕೆ. ಹಿರಣ್ಣಯ್ಯನವರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ್ದರು, ಗುಬ್ಬಿ ಕಂಪನಿಯಲ್ಲೂ ಇದ್ದರು. ಬೇರೆ ಬೇರೆ ಕಥೆಗಳನ್ನು ಸೇರಿಸಿ ಮಾಡಿದ, ಪುಟ್ಟಣ್ಣ ಕಣಗಾಲ್ ಅವರ 'ಕಥಾಸಂಗಮ'ದಲ್ಲಿ ಮುನಿತಾಯಿ ಕಥೆಯ ತಿಮ್ಮರಾಯ ಉಮೇಶ್ ಅವರೇ. ಆರತಿ, ರಜನಿಕಾಂತ್ ಇರುವ ಕಥೆ ಅದು. ಅದಕ್ಕೆ 1975–76ರ ಸಾಲಿನ ರಾಜ್ಯ ಪ್ರಶಸ್ತಿ ಬಂತು, ಪೋಷಕ ನಟ ಅಂತ. ಸಿನಿಮಾ ತೆರೆ ಕಂಡದ್ದು 1976ರ ಜನವರಿಯಲ್ಲಿ. ಹೀಗಾಗಿ ಒಬ್ಬರು 1975 ಅಂತಾರೆ, ಇನ್ನೊಬ್ಬರು 1976 ಅಂತಾರೆ, ಜಗಳವಾಡಬೇಡಿ. ಸೆನ್ಸಾರ್ ತಾರೀಕು, ಬಿಡುಗಡೆ ತಾರೀಕು, ಪ್ರಶಸ್ತಿ ಸಾಲು ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿ. ಉಮೇಶ್ 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಆಗ ಎಲ್ಲರೂ ಹಾಸ್ಯನಟ ಅಂತಲೇ ನೆನೆದರು. ಆ ತಿಮ್ಮರಾಯನನ್ನು ಒಮ್ಮೆ ನೋಡಿ, ನಗಿಸುವ ಮುಖ ಏನೆಲ್ಲ ಮಾಡಬಲ್ಲದು ಅಂತ ಗೊತ್ತಾಗುತ್ತದೆ.

ಸಿನಿಮಾದ ಪ್ರತಿಯೇ ಸಿಗದಿದ್ದರೆ ಹಾಡಿನ ಪುಸ್ತಕ ಹುಡುಕಿ. ಹಿಂದೆ ಟಾಕೀಸಿನಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ತೆಳ್ಳನೆ ಪುಸ್ತಕ. ಒಳಗೆ ತಾರಾಗಣ, ಹಾಡುಗಳು, ಅರ್ಧ ಕಥೆ. ಆ ಕಥೆ ಸರಿಯಾಗಿ ರಂಗೇರುವಾಗ 'ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ' ಅಂತ ಮುಗಿದುಬಿಡುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರ ಅದೃಷ್ಟ ಇದ್ದರೆ ಸಿಗುತ್ತವೆ. ಹಾಗೇ ಹಳೇ 'ರೂಪತಾರಾ', 'ವಿಜಯಚಿತ್ರ', 'ಸುಧಾ' ಸಂಚಿಕೆಗಳು. ವಿಮರ್ಶೆಯ ಕೊನೇ ಪ್ಯಾರಾ ಓದಿ, ಚಿಕ್ಕ ಪಾತ್ರದವರ ಹೆಸರು ಅಲ್ಲೇ ಅಡಗಿರುತ್ತದೆ.

ಟೀವಿ ಇನ್ನೂ ಕಷ್ಟ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ, ಉದಯ ಟೀವಿ ಬಂದದ್ದು 1994ರಲ್ಲಿ. ಮಧ್ಯದ ಆ ಕಾಲದ ಧಾರಾವಾಹಿಗಳಲ್ಲಿ ಹುಡುಕಿದರೆ ಆಮೇಲೆ ದೊಡ್ಡವರಾದವರೂ ಸಿಗುತ್ತಾರೆ. 'ಗುಡ್ಡದ ಭೂತ'ದಲ್ಲಿ ಪ್ರಕಾಶ್ ರೈ ಇಲ್ವಾ? ಬೇರೆ ಭಾಷೆಯನ್ನೂ ಬಿಡಬೇಡಿ. 1986ರ 'ಮಾಲ್ಗುಡಿ ಡೇಸ್' ಮಾತಾಡುವುದು ಹಿಂದಿ, ಇಂಗ್ಲಿಷ್. ಆದರೆ ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ತೆಗೆದರು, ನಟರಲ್ಲಿ ಬಹಳ ಮಂದಿ ನಮ್ಮ ರಂಗಭೂಮಿಯವರೇ. ಒಂದೊಂದು ಕಂತನ್ನೂ ಬೇರೆ ಬೇರೆಯಾಗಿ ನೋಡಿ, ಅಂಗಡಿಯವನು, ಜವಾನ, ಪಕ್ಕದ ಮನೆಯವರು ಯಾರು ಅಂತ. ಈಗಿನ ದಿನವಹಿ ಧಾರಾವಾಹಿಗಳಲ್ಲಿ ಒಬ್ಬರ ಪಾತ್ರಕ್ಕೆ ಇನ್ನೊಬ್ಬರು ಬಂದು ಕೂರುವುದು ಮಾಮೂಲಿ. ಆದ್ದರಿಂದ ಧಾರಾವಾಹಿ ಹೆಸರು ಬರೆದರೆ ಸಾಲದು, ಯಾವಾಗಿನಿಂದ ಯಾವಾಗಿನವರೆಗೆ ಅಂತಲೂ ಬರೆಯಿರಿ.

ನಟರು ಅಥವಾ ಮನೆಯವರು ಮಾತಿಗೆ ಸಿಕ್ಕರೆ ದಯವಿಟ್ಟು "ಎಷ್ಟು ಸಿನಿಮಾ ಮಾಡಿದ್ದೀರಿ?" ಅಂತ ಶುರು ಮಾಡಬೇಡಿ. ನಾನೂರು, ಐನೂರು ಅಂತ ಒಂದು ಸಂಖ್ಯೆ ಬರುತ್ತದೆ, ಅದರಿಂದ ಏನೂ ಪ್ರಯೋಜನವಿಲ್ಲ. ಸುಳ್ಳು ಹೇಳುತ್ತಾರೆ ಅಂತಲ್ಲ, ದಿನಕ್ಕೆ ಎರಡು ಶಿಫ್ಟ್ ಓಡಾಡಿದವರು ಲೆಕ್ಕ ಇಟ್ಟುಕೊಳ್ಳಲು ಹೇಗೆ ಸಾಧ್ಯ? ಅದರ ಬದಲು ಶೋಕೇಸ್ ಕಡೆ ಕೈ ತೋರಿಸಿ. ನೂರು ದಿನದ ಫಲಕ ಇದ್ದರೆ ಅದರ ಮೇಲೆ ಸಿನಿಮಾ ಹೆಸರು, ಕೆಲವು ಸಲ ತಾರೀಕು ಇರುತ್ತದೆ. ಆಲ್ಬಂ ತೆಗೆಸಿ. "ಇದು ಯಾವ ಊರಲ್ಲಿ ತೆಗೆದದ್ದು? ಪಕ್ಕದಲ್ಲಿರುವವರು ಯಾರು?" ಅಂತ ಕೇಳಿ. ಊರು, ಮಳೆ, ಊಟ, ಬಾಕಿ ಉಳಿದ ಪೇಮೆಂಟು ಎಲ್ಲ ನೆನಪಿರುತ್ತದೆ. ಸಿನಿಮಾ ಹೆಸರು ಆಮೇಲೆ ತಾನಾಗೇ ಬರುತ್ತದೆ. ಫೋಟೋಗೆ ಫೋಟೋ ತೆಗೆಯುವ ಮುಂಚೆ ಕೇಳಿ. ಅವರ ಫೋನ್ ನಂಬರು, ವಿಳಾಸ ಎಲ್ಲೂ ಹಾಕಬೇಡಿ.

ಪಟ್ಟಿಯಲ್ಲಿ ಸಿನಿಮಾ ಹೆಸರು, ವರ್ಷಗಳ ಜೊತೆ ಇನ್ನೆರಡು ಕಾಲಂ ಬೇಕೇ ಬೇಕು. ಒಂದು, 'ನನಗೆ ಹೇಗೆ ಗೊತ್ತಾಯಿತು'. ಇನ್ನೊಂದು, 'ಏನು ಮಾಡುತ್ತಾರೆ'. ಇದರಲ್ಲಿ 'ಚಿಕ್ಕ ಪಾತ್ರ' ಅಂತ ಬರೆದು ಬಿಡಬೇಡಿ. 'ಸಾಲ ಕೇಳಲು ಬಂದವನು, ಕೊನೆಗೆ ಕಾಫಿ ಕುಡಿದು ಹೋಗುತ್ತಾನೆ, 47ನೇ ನಿಮಿಷ' ಅಂತ ಬರೆಯಿರಿ. ಅನುಮಾನ ಇದ್ದ ಸಾಲುಗಳನ್ನು ಅಳಿಸದೆ ಹಳದಿ ಬಣ್ಣ ಹಚ್ಚಿ ಎಲ್ಲರಿಗೂ ಕಾಣುವಂತೆ ಹಾಕಿ, ತಿದ್ದುವವರು ಬಂದೇ ಬರುತ್ತಾರೆ. ನನ್ನ ಪಟ್ಟಿಯಲ್ಲಿ ಈಗಲೂ ಇಪ್ಪತ್ತಕ್ಕೂ ಜಾಸ್ತಿ ಹಳದಿ ಸಾಲುಗಳಿವೆ. ಅಮ್ಮನ ಆ ಪೋಸ್ಟ್‌ಮ್ಯಾನ್ ಇನ್ನೂ ಅಲ್ಲೇ ಇದ್ದಾರೆ.