ಬಟ್ಟೆಗಿಂತ ಮೊದಲು ರಾಡು

ಕುವೆಂಪುನಗರದ ನಮ್ಮ ಮನೆ ಹಳೆಯದು. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ, ಹತ್ತು ಅಡಿ ಎತ್ತರದ ಸೂರು, ಪಶ್ಚಿಮಕ್ಕೆ ನಾಲ್ಕಡಿಗೆ ನಾಲ್ಕಡಿಯ ಕಿಟಕಿ. ಅದಕ್ಕೆ ಸ್ಪ್ರಿಂಗ್ ವೈರಿನಲ್ಲಿ ಪೋಣಿಸಿದ ಅರ್ಧ ಪರದೆ ವರ್ಷಗಟ್ಟಲೆ ಜೋತಾಡುತ್ತಿತ್ತು. ರೂಮು ಗಿಡ್ಡವಾಗಿ, ಕಿಟಕಿ ಇನ್ನೂ ಗಿಡ್ಡವಾಗಿ ಕಾಣುತ್ತಿತ್ತು.

ಪರದೆ ಅಂದರೆ ಎಲ್ಲರೂ ಮೊದಲು ಬಟ್ಟೆ ಅಂಗಡಿಗೆ ಓಡುತ್ತಾರೆ. ನಾನು ಮೊದಲು ತೀರ್ಮಾನಿಸಿದ್ದು ರಾಡು ಎಲ್ಲಿ ಬರಬೇಕು ಅಂತ. ರೂಮಿನ ರೂಪ ಬದಲಾಗುವುದು ಅಲ್ಲೇ. ಚೌಕಟ್ಟಿಗೆ ಅಂಟಿಕೊಂಡಂತೆ ಹಾಕಿದರೆ ಎಂಥ ದುಬಾರಿ ಬಟ್ಟೆಯೂ ಕಿಟಕಿಗೆ ಕಟ್ಟಿದ ಟವೆಲ್ಲೇ. ಮೇಲೆ ಒಂಬತ್ತು ಇಂಚು, ಎರಡೂ ಪಕ್ಕ ಒಂಬತ್ತೊಂಬತ್ತು ಇಂಚು ಬಿಟ್ಟೆ. ಹಾಗಾಗಿ ರಾಡು ಐದೂವರೆ ಅಡಿಯದು. ಪರದೆ ಸರಿಸಿದಾಗ ಬಟ್ಟೆಯೆಲ್ಲ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜು ಪೂರ್ತಿ ಬಿಡುವಾಗಿರುತ್ತದೆ, ಬೆಳಕಿಗೆ ಅಡ್ಡಿಯಿಲ್ಲ.

ಒಂಬತ್ತು ಇಂಚಿಗೆ ಇನ್ನೊಂದು ಕಾರಣವಿದೆ. ಕಿಟಕಿಯ ಮೇಲೆ ಸುಮಾರು ಆರು ಇಂಚು ಲಿಂಟಲ್, ಅಂದರೆ ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟು ತೊಲೆ. ಮಾಮೂಲಿ ಡ್ರಿಲ್ ಅದರಲ್ಲಿ ಇಳಿಯುವುದಿಲ್ಲ, ಹ್ಯಾಮರ್ ಡ್ರಿಲ್ಲೇ ಬೇಕು, ಕಂಬಿ ಸಿಕ್ಕರಂತೂ ಮುಗಿಯಿತು. ಅದನ್ನು ದಾಟಿದರೆ ಇಟ್ಟಿಗೆ. ಮಟ್ಟ ನೋಡುವ ರಸಮಟ್ಟ ಇಟ್ಟು ಗುರುತು ಮಾಡಿ, ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಬಿಗಿದೆ. ಚೌಕಟ್ಟೇ ಸ್ವಲ್ಪ ವಾಲಿದ್ದರೆ ರಸಮಟ್ಟವನ್ನು ನಂಬಬೇಕೋ ಚೌಕಟ್ಟನ್ನೋ? ನಾನಂತೂ ರಸಮಟ್ಟವನ್ನು ನಂಬುತ್ತೇನೆ, ಬಟ್ಟೆ ನೇರ ಇಳಿಯುವುದು ಮುಖ್ಯ. ಸೊಳ್ಳೆ ಜಾಲರಿಯ ಬಾಗಿಲು ಒಳಗೆ ತೆರೆಯುವ ಮನೆಗಳಲ್ಲಿ ಬ್ರಾಕೆಟ್ ಗೋಡೆಯಿಂದ ಎಷ್ಟು ಮುಂದೆ ಚಾಚಿರಬೇಕು ಅನ್ನುವುದನ್ನೂ ಆಗಲೇ ನೋಡಿಕೊಳ್ಳಬೇಕು.

ರೆಡಿಮೇಡ್ ಪರದೆ ಸಾಮಾನ್ಯವಾಗಿ ಐದು, ಏಳು, ಒಂಬತ್ತು ಅಡಿಯಲ್ಲಿ ಸಿಗುತ್ತದೆ. ನಮ್ಮ ರಾಡು ನೆಲದಿಂದ ಏಳು ಮುಕ್ಕಾಲು ಅಡಿ ಎತ್ತರದಲ್ಲಿ. ಏಳು ಗಿಡ್ಡ, ಒಂಬತ್ತು ಉದ್ದ. ಹೊಲಿಸುವುದೇ ದಾರಿ. ಬಟ್ಟೆ 48 ಇಂಚು ಪನ್ನದ್ದು, ಅಂದರೆ ಥಾನಿನ ಅಗಲ ಅಷ್ಟು. ನೆರಿಗೆ ತುಂಬಿ ಬೀಳಬೇಕಾದರೆ ಬಟ್ಟೆಯ ಅಗಲ ರಾಡಿನ ಎರಡು ಪಟ್ಟಾದರೂ ಇರಬೇಕು. ಮೂರು ಪನ್ನ ಕೂಡಿಸಿ ಪಕ್ಕಕ್ಕೆ ಒಂದೂವರೆ ಪನ್ನದಂತೆ ಹಂಚಿದೆವು. ಮೇಲಿನ ಮಡಿಕೆ, ಕೆಳಗಿನ ನಾಲ್ಕು ಇಂಚು ಮಡಿಕೆ ಸೇರಿ ಒಂದು ಪನ್ನಕ್ಕೆ 102 ಇಂಚು. ಕಾಟನ್ ಕುಗ್ಗುತ್ತದೆ ಅಂತ ಎಂಟೂವರೆ ಮೀಟರ್ ತಂದು, ನೆನೆಸಿ ಒಣಗಿಸಿಯೇ ಟೈಲರ್‌ಗೆ ಕೊಟ್ಟೆ. ರಾಡು ತೂರಿಸಲು ಪರದೆಯ ಮೇಲಂಚಿಗೆ ಕೂರಿಸುವ ಉಂಗುರಗಳು ಸಮಸಂಖ್ಯೆಯಲ್ಲೇ ಇರಲಿ ಅಂತ ಹೇಳುವುದನ್ನು ಮರೆಯಬಾರದು. ಬೆಸವಾದರೆ ಒಂದು ಅಂಚು ಗೋಡೆ ಕಡೆ, ಇನ್ನೊಂದು ರೂಮಿನ ಕಡೆ ತಿರುಗುತ್ತದೆ.

ಬಣ್ಣದ ವಿಚಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಂಪು ನೆಲಕ್ಕೆ ಕೆನೆ ಬಣ್ಣ. ನೆಲದ ಕೆಂಪಿಗೆ ಮೆರೂನ್ ಸೇರಿದರೆ ಹಾಲ್ ಕಲ್ಯಾಣಮಂಟಪ ಆಗಿಬಿಡುತ್ತದೆ. ಚಿಕ್ಕಮ್ಮ ಮಾತ್ರ ತಮ್ಮ ಹಳೆಯ ಮೈಸೂರು ಸಿಲ್ಕ್ ಸೀರೆ ಮುಂದಿಟ್ಟರು. ಪಶ್ಚಿಮದ ಬಿಸಿಲಿಗೆ ರೇಷ್ಮೆ ಎಳೆ ಜಾಳಾಗಿ ಹರಿಯುತ್ತದೆ ಅಂತ ಒಪ್ಪಿಸಿ ಬೀರುವಿಗೇ ವಾಪಸ್ ಇಡಿಸಿದೆ.

ಅತ್ತೆಯವರ ತಕರಾರು ಬೇರೆ. "ಹೊರಗಿನವ್ರಿಗೆ ಕಾಣಿಸ್ದೆ ಇದ್ರೆ ಸಾಲ್ದೇನಮ್ಮ? ನೆಲದ ತನಕ ಬಿಟ್ರೆ ಒರೆಸೋವಾಗ ಒದ್ದೆ ಆಗಲ್ವಾ?" ನ್ಯಾಯವಾದ ಪ್ರಶ್ನೆ. ಅದಕ್ಕೇ ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಿಸಿದ್ದು, ಪಕ್ಕದಲ್ಲಿ ಕಟ್ಟಿಡಲು ಪಟ್ಟಿಯನ್ನೂ ಹೊಲಿಸಿದ್ದು. ಕಿಟಕಿಯ ಕೆಳಗಂಚಿಗೇ ನಿಲ್ಲಿಸಿದ್ದರೆ ಎತ್ತರಕ್ಕೆ ಹಾಕಿದ ರಾಡಿನ ಲಾಭವೆಲ್ಲ ಹೋಗುತ್ತಿತ್ತು. ಈಗ ರಾಡಿನಿಂದ ನೆಲದವರೆಗೆ ಒಂದೇ ಗೆರೆ, ನಾಲ್ಕಡಿ ಕಿಟಕಿ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತದೆ.

ಬಿಸಿಲಿಗಾಗಿ ಹಿಂದೆ ಲೈನಿಂಗ್ ಕೊಡಿಸಿದ್ದೇನೆ. ಅದನ್ನು ಮೇಲ್ಗಡೆ ಮಾತ್ರ ಪರದೆಗೆ ಸೇರಿಸಿ ಕೆಳಗೆ ಬಿಡಿಯಾಗಿ ಬಿಡಬೇಕು. ಎರಡು ಬಟ್ಟೆ ಒಂದೇ ಸಮ ಕುಗ್ಗದಿದ್ದರೆ ಅಂಚು ಸುರುಟಿಕೊಳ್ಳುತ್ತದೆ. ಯುಗಾದಿಗೆ ಮುಂಚೆ ಒಮ್ಮೆ, ಗೊಂಬೆ ಕೂರಿಸುವ ಮುಂಚೆ ಒಮ್ಮೆ ಒಗೆಯುತ್ತೇನೆ. ಚೂರು ತೇವ ಇರುವಾಗಲೇ ರಾಡಿಗೆ ಏರಿಸಿಬಿಟ್ಟರೆ ಅದರ ಭಾರಕ್ಕೇ ಸುಕ್ಕು ಬಹುಪಾಲು ಹೋಗುತ್ತದೆ, ಅಷ್ಟುದ್ದದ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ ತಪ್ಪುತ್ತದೆ.