ಚೆಂಡು ಹೂವಿಗೆ ಯೂರಿಯಾ: ತೂಕ ಒಂದು ಲೆಕ್ಕ, ಬಣ್ಣ ಇನ್ನೊಂದು

ನಮ್ಮ ಗುಂಡ್ಲುಪೇಟೆ ಕಡೆ ಬೆಳೆಯುವ ಚೆಂಡು ಹೂವಿನಲ್ಲಿ ಒಂದಿಷ್ಟು ಓಣಂ ಹೊತ್ತಿಗೆ ಕೇರಳದ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ ಹೋಗುತ್ತದೆ. ಬಹಳಷ್ಟು ಹೋಗುವುದು ಬಣ್ಣ ತೆಗೆಯುವ ಕಾರ್ಖಾನೆಗೆ. ಅವರಿಗೆ ಬೇಕಾದ್ದು ಎಸಳಿನಲ್ಲಿರುವ ಲ್ಯೂಟಿನ್ ಎಂಬ ಬಣ್ಣದ ವಸ್ತು. ಕೋಳಿ ಆಹಾರಕ್ಕೆ ಬೆರೆಸಿದರೆ ಮೊಟ್ಟೆಯ ಒಳಗಿನ ಹಳದಿ ಗಾಢವಾಗುತ್ತದೆ, ಕಣ್ಣಿನ ಮಾತ್ರೆಗೂ ಅದೇ ಬಳಕೆ. ಹೊಲದ ಬದುವಿನ ಮೇಲೆ ಮಾತ್ರ ಬಣ್ಣ ಅಳೆಯುವವರಿಲ್ಲ, ಅಲ್ಲಿರುವುದು ತಕ್ಕಡಿ. ತೂಕಕ್ಕೆ ದುಡ್ಡು ಅಂದ ಮೇಲೆ ಮೊಗ್ಗು ಕಂಡ ಹೊಲಕ್ಕೂ ಯೂರಿಯಾ ಎರಚುವುದು ಸುತ್ತಮುತ್ತ ರೂಢಿಯಾಗಿಬಿಟ್ಟಿದೆ.

ಹೂ ದಪ್ಪವಾಗುವುದು ನಿಜ. ಬಣ್ಣಕ್ಕೆ ಏನಾಗುತ್ತದೆ ಎಂದು ನೋಡಲು ಒಂದು ಮುಂಗಾರಿನಲ್ಲಿ ಹೊಲವನ್ನು ಮೂರು ಪಟ್ಟಿ ಮಾಡಿದೆ. ಒಂದೇ ಕಿತ್ತಳೆ ತಳಿ, ಒಂದೇ ದಿನದ ನಾಟಿ. ಕೊಟ್ಟಿಗೆ ಗೊಬ್ಬರ, ಸೂಪರ್ ಫಾಸ್ಫೇಟ್, ಪೊಟ್ಯಾಷ್ ಎಲ್ಲಕ್ಕೂ ಸಮ. ಡಿಎಪಿ ಗೊಬ್ಬರ ಬೇಡವೆಂದೆ, ಯೂರಿಯಾ ಕೊಡುವುದು ಸಾರಜನಕವನ್ನು, ಡಿಎಪಿಯಲ್ಲೂ ನೂರಕ್ಕೆ 18 ಪಾಲು ಅದೇ ಇರುವುದರಿಂದ ಲೆಕ್ಕ ಕೆಡುತ್ತದೆ. ಮೊದಲ ಪಟ್ಟಿಗೆ ಯೂರಿಯಾ ಇಲ್ಲ. ಎರಡನೆಯದಕ್ಕೆ ಸಸಿ ಬೇರು ಹಿಡಿದಾಗ ಅರ್ಧ, ಕುಡಿ ಚಿವುಟಿದ ಮೇಲೆ ಅರ್ಧ. ಮೂರನೆಯದಕ್ಕೆ ಅಷ್ಟೂ ಕೊಟ್ಟು, ಮೊಗ್ಗು ಬಂದ ನಂತರ ಮತ್ತಷ್ಟು. ಪಟ್ಟಿಗಳ ಅಂಚಿನ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮಳೆ ನೀರಿನ ಜೊತೆ ಪಕ್ಕದ ಗೊಬ್ಬರ ಅಲ್ಲಿಗೆ ಹರಿದಿರುತ್ತದೆ.

ಯೂರಿಯಾ ಕಾಣದ ಗಿಡಗಳು ಗಿಡ್ಡವಾಗಿ ನಿಂತವು. ಬುಡದ ಎಲೆ ಹಳದಿ ತಿರುಗಿತು, ಕಾಂಡದ ಮೇಲೆ ನೇರಳೆ ಛಾಯೆ ಬಂತು. ಹೂ ಬೇಗ ಬಂತು. ಸಣ್ಣದು, ಆದರೆ ಬಣ್ಣ ದಟ್ಟ. ಮೂರನೆಯ ಪಟ್ಟಿ ಕಪ್ಪಗೆ ಹಸಿರೇರಿ ಸೊಂಪಾಗಿತ್ತು. ನೋಡಿದವರೆಲ್ಲ ಅದನ್ನೇ ಹೊಗಳಿದರು. ಹೂ ಮಾತ್ರ ತಡವಾಯಿತು. ಒಂದು ಜೋರು ಮಳೆಗೆ ಎಳೆ ಕೊಂಬೆಗಳು ಹೂವಿನ ಭಾರಕ್ಕೆ ಮುರಿದು ಬಿದ್ದವು, ರಸ ಹೀರುವ ಥ್ರಿಪ್ಸ್ ಹುಳುವಿನ ಕಾಟವೂ ಅಲ್ಲೇ ಹೆಚ್ಚು.

ಬಣ್ಣ ನೋಡಲು ನಾನು ಹಿಡಿದದ್ದು ಅಡುಗೆಮನೆಯ ದಾರಿ. ಲ್ಯೂಟಿನ್ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಪೂರ್ತಿ ಅರಳಿದ ಹೂ ಕಿತ್ತು, ಹಸಿರು ತೊಟ್ಟು ತೆಗೆದು, ಎಸಳನ್ನು ನೆರಳಲ್ಲಿ ಒಣಗಿಸಿದೆ. ಬಿಸಿಲಿಗೆ ಹಾಕಿದರೆ ಬಣ್ಣವೇ ಹಾರಿಹೋಗುತ್ತದೆ. ಒಣಗಿದ್ದನ್ನು ಪುಡಿ ಮಾಡಿ, ಸಮ ತೂಕ ತೂಗಿ, ಸಮ ಅಳತೆಯ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಸೀಸೆಗಳಲ್ಲಿ ಇಟ್ಟೆ. ಬಿಳಿ ಹಾಳೆಯ ಮುಂದೆ ಹಿಡಿದರೆ ಮೊದಲ ಪಟ್ಟಿಯದು ಕೆಂಪಿಗೆ ಹತ್ತಿರದ ಕಿತ್ತಳೆ, ಎರಡನೆಯದು ಅದಕ್ಕಿಂತ ಒಂದು ಕೂದಲೆಳೆ ತಿಳಿ, ಮೂರನೆಯದು ಎದ್ದು ಕಾಣುವಷ್ಟು ತಿಳಿ. ಇದು ಪ್ರಯೋಗಾಲಯದ ಅಳತೆಯಲ್ಲ, ಕಣ್ಣಂದಾಜು. ಇನ್ನೊಂದು ವಿಷಯ ಒಣಗಿಸುವಾಗಲೇ ಗೊತ್ತಾಗಿತ್ತು: ಮೂರನೆಯ ಪಟ್ಟಿಯ ಹೂ ಒಣಗಿದ ಮೇಲೆ ಉಳಿದಿದ್ದೇ ಕಡಿಮೆ. ಹೆಚ್ಚುವರಿ ತೂಕದಲ್ಲಿ ನೀರಿನ ಪಾಲು ದೊಡ್ಡದಿತ್ತು.

ಇದಕ್ಕೆ ನನಗೆ ತೋಚುವ ಕಾರಣ ಇದು. ಎಲೆಯ ಹಸಿರು, ಅಂದರೆ ಕ್ಲೋರೋಫಿಲ್‌ನ ಒಂದೊಂದು ಅಣುವಿನಲ್ಲೂ ನಾಲ್ಕು ಸಾರಜನಕ ಪರಮಾಣುಗಳಿವೆ. ಲ್ಯೂಟಿನ್‌ನಲ್ಲಿ ಒಂದೂ ಇಲ್ಲ. ಅದು ಇಂಗಾಲ, ಜಲಜನಕ, ಆಮ್ಲಜನಕದ ಕೂಸು. ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ತನ್ನ ಸಕ್ಕರೆಯನ್ನು ಎಲೆ, ಕೊಂಬೆ, ಪ್ರೋಟೀನಿಗೆ ಸುರಿಯುತ್ತದೆ. ಕೊರತೆಯಾದರೆ ಬೆಳವಣಿಗೆ ಕುಗ್ಗುತ್ತದೆ, ಮಿಕ್ಕ ಇಂಗಾಲ ಬಣ್ಣ ಕೊಡುವ ಫ್ಲೇವನಾಯ್ಡ್, ಆಂಥೋಸಯನಿನ್‌ಗಳ ಕಡೆ ತಿರುಗುತ್ತದೆ. ಮೊದಲ ಪಟ್ಟಿಯ ಕಾಂಡದ ನೇರಳೆ ಅದೇ. ಇವೆಲ್ಲ ಆಂಟಿಆಕ್ಸಿಡೆಂಟ್‌ಗಳು, ಗಿಡಕ್ಕೆ ಕಷ್ಟಕಾಲದ ಕಾವಲು.

ಹಾಗೆಂದು ಯೂರಿಯಾವನ್ನೇ ಬಿಡಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೊದಲ ಪಟ್ಟಿಯಲ್ಲಿ ಕಿಲೋ ಎಸಳಿಗೆ ಬಣ್ಣ ಹೆಚ್ಚಿರಬಹುದು, ಆದರೆ ಹೂವೇ ಕಡಿಮೆಯಾದರೆ ಎಕರೆಗೆ ಸಿಗುವ ಒಟ್ಟು ಬಣ್ಣ ಎಲ್ಲಿಂದ ಬರಬೇಕು? ಬಣ್ಣ ಕಟ್ಟಲು ಸಕ್ಕರೆ ಬೇಕು, ಸಕ್ಕರೆಗೆ ಎಲೆ ಬೇಕು, ಎಲೆಗೆ ಸಾರಜನಕ ಬೇಕೇ ಬೇಕು. ನನ್ನ ಲೆಕ್ಕದಲ್ಲಿ ಗೆದ್ದದ್ದು ನಡುವಿನ ಪಟ್ಟಿ.

ಈಗ ಮಣ್ಣು ಪರೀಕ್ಷೆಯ ಚೀಟಿ ನೋಡಿಯೇ ಒಟ್ಟು ಪ್ರಮಾಣ ಗೊತ್ತು ಮಾಡುತ್ತೇನೆ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು 20 ಕಿಲೋಗೆ ಸ್ವಲ್ಪ ಮೇಲೆ, ಆದ್ದರಿಂದ ಚೀಲದ ಲೆಕ್ಕ ಬಿಟ್ಟು ಸಾರಜನಕದ ಲೆಕ್ಕ ಹಾಕುವುದು ಒಳ್ಳೆಯದು. ಕುಡಿ ಚಿವುಟಿದ ಮೇಲಿನ ಕಂತೇ ಕೊನೆ. ಬುಡಕ್ಕೆ ಹಾಕಿ ಮಣ್ಣು ಏರಿಸುತ್ತೇನೆ, ಎರಚುವುದಿಲ್ಲ. ಮೊಗ್ಗು ಬಟಾಣಿ ಗಾತ್ರವಾದ ಮೇಲೆ ಯೂರಿಯಾ ಚೀಲ ಹೊಲಕ್ಕೆ ಬರುವುದಿಲ್ಲ. ಆಗಲೂ ಎಲೆ ಬಿಳಿಚಿದ್ದರೆ ಮೊದಲು ಬುಡದಲ್ಲಿ ನೀರು ನಿಂತಿದೆಯೇ ಎಂದು ಕೆದಕಿ ನೋಡುತ್ತೇನೆ.

ಬೇಲಿಯ ಶಂಖಪುಷ್ಪಕ್ಕೆ ಯೂರಿಯಾ ಹಾಕಬೇಕೇ ಎಂದು ಪಕ್ಕದ ಹೊಲದ ಅಣ್ಣ ಕೇಳಿದರು. ಬೇಡಣ್ಣ, ಅದು ಅವರೆ, ತೊಗರಿಯ ಕುಲ, ಬೇರಿನ ಗಂಟಿನಲ್ಲೇ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುತ್ತದೆ. ಯೂರಿಯಾ ಕೊಟ್ಟರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ ಎಂದೆ.