ಒಂದೇ ಪಾವತಿ ಲೆಕ್ಕದಲ್ಲಿ ಎರಡು ಸಲ ಬಂದಿದೆಯಾ? ಅಳಿಸುವ ಮುಂಚೆ ಹೀಗೆ ನೋಡಿ

ಕೊಡಗಿನಲ್ಲಿ ರೋಬಸ್ಟಾ ಕಾಫಿ ಕೊಯ್ಲು ಶುರುವಾದರೆ ಬ್ಯಾಂಕ್ ಖಾತೆಗೂ ಬಿಡುವಿಲ್ಲ. ವಾರದ ಬಟವಾಡೆ (ಕೂಲಿ), ಪಂಪ್‌ಸೆಟ್‌ಗೆ ಡೀಸೆಲ್, ಗೊಬ್ಬರದ ಅಂಗಡಿ, ಕಾಫಿ ಕೊಂಡವರಿಂದ ಬರುವ ಹಣ, ಹೋಂಸ್ಟೇ ಇದ್ದರೆ ಅತಿಥಿಗಳ ಅಡ್ವಾನ್ಸ್. ಇದನ್ನೆಲ್ಲ ಈಗ ಅನೇಕರು ಫೋನಿನ ಆ್ಯಪ್‌ನಲ್ಲೋ ಕಂಪ್ಯೂಟರಿನ ಸಾಫ್ಟ್‌ವೇರ್‌ನಲ್ಲೋ ಬರೆದಿಡುತ್ತಾರೆ. ಬ್ಯಾಂಕಿನ ವಹಿವಾಟು ಒಳಗೆ ಬರುವಾಗ ಕೆಲವೊಮ್ಮೆ ಒಂದೇ ಪಾವತಿ ಎರಡು ಸಾಲಾಗಿ ಕೂರುತ್ತದೆ. ಬ್ಯಾಲೆನ್ಸ್ ತಾಳೆಯಾಗುವುದಿಲ್ಲ.

ಆಗ ಬಹಳ ಜನ ಮೊದಲು ಮಾಡುವುದು ಒಂದು ಸಾಲನ್ನು ಅಳಿಸುವುದು. ದಯವಿಟ್ಟು ಸ್ವಲ್ಪ ತಡೆಯಿರಿ. ಶನಿವಾರ ಇಬ್ಬರು ಕೆಲಸಗಾರರಿಗೆ ತಲಾ 3,000 ರೂಪಾಯಿ ಕಳಿಸಿದ್ದರೆ ದಿನವೂ ಒಂದೇ, ಮೊತ್ತವೂ ಒಂದೇ. ಆದರೆ ಎರಡೂ ನಿಜವಾದ ಪಾವತಿಗಳು, ಅಲ್ವಾ? ಒಂದನ್ನು ಅಳಿಸಿದರೆ ಒಬ್ಬರ ಕೂಲಿ ಲೆಕ್ಕದಿಂದಲೇ ಮಾಯವಾಗುತ್ತದೆ. ಆಮೇಲೆ ಚೆಕ್‌ರೋಲ್ (ತೋಟದ ಹಾಜರಿ-ಕೂಲಿ ಪುಸ್ತಕ) ಹಿಡಿದು ಹುಡುಕುವುದು ದೊಡ್ಡ ತಲೆನೋವು.

ಮೊದಲು ಬ್ಯಾಕಪ್, ಆಮೇಲೆ ಸ್ಟೇಟ್‌ಮೆಂಟ್

ಸಾಫ್ಟ್‌ವೇರಿನ ಫೈಲ್ ಅನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಬ್ಯಾಂಕಿನ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ. ಪ್ರತಿ ತಿಂಗಳ ಕೊನೆಯ ದಿನ ಬ್ಯಾಂಕ್ ತೋರಿಸುವ ಬ್ಯಾಲೆನ್ಸ್ ಮತ್ತು ನಿಮ್ಮ ಲೆಕ್ಕದ ಬ್ಯಾಲೆನ್ಸ್ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಎರಡೂ ಮೊದಲ ಬಾರಿಗೆ ಬೇರೆಯಾದ ತಿಂಗಳು ಯಾವುದೋ, ನೀವು ಹುಡುಕಬೇಕಾದದ್ದು ಅಲ್ಲಿ. ಜನವರಿ ಕೊನೆಗೆ ಸರಿಯಿದ್ದು ಫೆಬ್ರವರಿ ಕೊನೆಗೆ ನಿಮ್ಮ ಲೆಕ್ಕದಲ್ಲಿ 8,450 ರೂಪಾಯಿ ಕಡಿಮೆ ಕಂಡರೆ, ಫೆಬ್ರವರಿಯಲ್ಲಿ ಅಷ್ಟೇ ಮೊತ್ತದ ಖರ್ಚು ಎರಡು ಸಲ ಇದೆಯಾ ನೋಡಿ. ಇಡೀ ವರ್ಷವನ್ನು ಸುಮ್ನೆ ಕೆದಕುವುದು ಬೇಡ.

ರೆಫರೆನ್ಸ್ ನಂಬರ್ ನೋಡಿ

ಅನುಮಾನದ ಎರಡು ಸಾಲು ಸಿಕ್ಕ ಮೇಲೆ ನಂಬರ್ ಹೋಲಿಸಿ. ಯುಪಿಐ ಪಾವತಿಗೆ 12 ಅಂಕಿಗಳ ರೆಫರೆನ್ಸ್ ನಂಬರ್ ಇರುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್‌ನಲ್ಲಿ ಈ ನಂಬರಿಗೆ ಯುಟಿಆರ್ ಎನ್ನುತ್ತಾರೆ, ಅದರಲ್ಲಿ 16 ಅಕ್ಷರ ಮತ್ತು ಅಂಕಿ, ಆರ್‌ಟಿಜಿಎಸ್‌ನದ್ದರಲ್ಲಿ 22. ಚೆಕ್ ಆದರೆ ಆರು ಅಂಕಿಗಳ ಚೆಕ್ ನಂಬರ್. ನಂಬರ್ ಒಂದೇ, ಮೊತ್ತ ಒಂದೇ, ಎರಡೂ ಡೆಬಿಟ್ ಆಗಿದ್ದು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದೇ ಸಾಲಿದ್ದರೆ ಅದು ಡೂಪ್ಲಿಕೇಟ್. ನಂಬರ್ ಬೇರೆಯಾಗಿದ್ದು ಸ್ಟೇಟ್‌ಮೆಂಟಿನಲ್ಲೂ ಎರಡು ಸಾಲಿದ್ದರೆ ಮುಟ್ಟಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಬ್ಯಾಂಕಿನ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಫೈಲ್ ಅನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ರೆಫರೆನ್ಸ್ ನಂಬರ್ ಪ್ರತ್ಯೇಕ ಕಾಲಂನಲ್ಲಿದ್ದರೆ ಎಕ್ಸೆಲ್ ಆ 12 ಅಂಕಿಗಳನ್ನು '4.12E+11' ಎಂಬಂತೆ ಕುಗ್ಗಿಸಿಬಿಡುತ್ತದೆ. ಫೈಲ್‌ನಲ್ಲೂ ಹಾಗೆಯೇ ಉಳಿಯುತ್ತದೆ. ಆಗ ಒಂದೇ ದಿನದ ಬೇರೆ ಬೇರೆ ಪಾವತಿಗಳಿಗೂ ಒಂದೇ ನಂಬರ್ ಬರಬಹುದು, ಹೋಲಿಕೆಗೆ ಆಧಾರವೇ ಇರುವುದಿಲ್ಲ.

ಎರಡಾದದ್ದು ಎಲ್ಲಿ?

ಕಾರಣ ಹುಡುಕದೆ ಅಳಿಸಿದರೆ ಮುಂದಿನ ತಿಂಗಳು ಮತ್ತೆ ಅದೇ ಕಥೆ. ಜಾಸ್ತಿ ಕಾಣುವುದು ದಿನಾಂಕಗಳ ಅತಿಕ್ರಮಣ. ಒಮ್ಮೆ 1ರಿಂದ 31ರವರೆಗಿನ ಫೈಲ್ ಹಾಕಿ, ಇನ್ನೊಮ್ಮೆ 15ರಿಂದ ಮುಂದಿನ 15ರವರೆಗೆ ಹಾಕಿದರೆ 15ರಿಂದ 31ರವರೆಗಿನದ್ದು ಎರಡು ಸಲ ಬರುತ್ತದೆ. ಲೆಕ್ಕದ ಸಾಫ್ಟ್‌ವೇರ್‌ಗಳಿಗೆಂದೇ ಇರುವ ಓಎಫ್ಎಕ್ಸ್ ಮಾದರಿಯ ಫೈಲ್‌ನಲ್ಲಿ ಪ್ರತಿ ವಹಿವಾಟಿಗೂ ಬ್ಯಾಂಕ್ ಕೊಟ್ಟ ಗುರುತಿನ ಸಂಖ್ಯೆ ಇರುವುದರಿಂದ ಸಾಫ್ಟ್‌ವೇರ್ ಅದನ್ನು ಹಿಡಿಯಬಲ್ಲದು. ಸಿಎಸ್‌ವಿಯಲ್ಲಿ ಅಂಥ ಕಡ್ಡಾಯ ಗುರುತು ಇಲ್ಲ. ಎರಡೂ ಸಿಗುವುದಾದರೆ ಓಎಫ್ಎಕ್ಸ್ ಆರಿಸಿ.

ಇನ್ನೊಂದು ಕಾರಣ ಎರಡು ದಾರಿಯಿಂದ ಬರುವ ಮಾಹಿತಿ. ಸಂತೆಯಲ್ಲೇ ನಿಂತು ಖರ್ಚನ್ನು ಕೈಯಲ್ಲಿ ಬರೆದಿರುತ್ತೀರಿ, ಸಂಜೆ ಬ್ಯಾಂಕಿನಿಂದಲೂ ಅದೇ ಬರುತ್ತದೆ. ಎಸ್ಸೆಮ್ಮೆಸ್ ಓದುವ ಆ್ಯಪ್ ಆದರೆ ಬ್ಯಾಂಕಿನ ಮತ್ತು ಅಂಗಡಿಯ ಮೆಸೇಜ್ ಎರಡನ್ನೂ ಖರ್ಚೆಂದು ಎಣಿಸಬಹುದು. ಪ್ರತಿ ಖಾತೆಗೆ ಒಂದೇ ದಾರಿ ಇಟ್ಟುಕೊಂಡು ಉಳಿದದ್ದನ್ನು ಆಫ್ ಮಾಡಿ.

ದಿನಾಂಕದ ಗೊಂದಲ ಪತ್ತೆಹಚ್ಚಲು ಒಂದು ಸುಳಿವಿದೆ. ಸಾಫ್ಟ್‌ವೇರ್ ಅಮೆರಿಕದ ಕ್ರಮದಲ್ಲಿ (ತಿಂಗಳು ಮೊದಲು, ದಿನ ಆಮೇಲೆ) ಓದಿದರೆ ಮಾರ್ಚ್ 5ರ ಬಟವಾಡೆ ಮೇ 3ಕ್ಕೆ ಹೋಗಿ ಕೂರುತ್ತದೆ. ಸರಿಯಾದ ಫೈಲ್ ಮತ್ತೆ ಹಾಕಿದಾಗ ದಿನಾಂಕ ಹೊಂದದೆ ಹೊಸ ಸಾಲು ಹುಟ್ಟುತ್ತದೆ. ತಿಂಗಳ 1ರಿಂದ 12ರವರೆಗಿನ ವಹಿವಾಟುಗಳಷ್ಟೇ ಹೀಗೆ ಎರಡಾಗಿದ್ದರೆ, ಕಾರಣ ಬಹುಪಾಲು ಇದೇ. ಕೊಯ್ಲೆಲ್ಲ ಮುಗಿದ ಮೇಲೆ ಮೇ ತಿಂಗಳಲ್ಲಿ ಕೊಯ್ಲಿನ ಕೂಲಿ ಕಂಡರಂತೂ ಅನುಮಾನವೇ ಬೇಡ. ಇಂಪೋರ್ಟ್ (ಫೈಲ್ ಒಳಗೆ ಹಾಕುವ) ಸೆಟ್ಟಿಂಗ್‌ನಲ್ಲಿ ದಿನ-ತಿಂಗಳು-ವರ್ಷ ಎಂದು ಬದಲಿಸಿ.

ಸ್ವಂತ ಖಾತೆಗಳ ನಡುವಿನ ವರ್ಗಾವಣೆ ಬೇರೆ ವಿಷಯ. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದಾಗ ಅದು ಉಳಿತಾಯ ಖಾತೆಯಲ್ಲೂ ಕಾರ್ಡ್ ಖಾತೆಯಲ್ಲೂ ಕಾಣುತ್ತದೆ. ಅದನ್ನು ಅಳಿಸದೆ 'ವರ್ಗಾವಣೆ' ಎಂದು ಜೋಡಿಸಿ. ಇಲ್ಲದಿದ್ದರೆ ಕಾರ್ಡಿನಲ್ಲಿ ಕೊಂಡ ಡೀಸೆಲ್ ಒಂದು ಖರ್ಚು, ಬಿಲ್ ಕಟ್ಟಿದ್ದು ಇನ್ನೊಂದು ಖರ್ಚು ಎಂದಾಗುತ್ತದೆ.

ಯಾವ ಸಾಲನ್ನು ಉಳಿಸಬೇಕು?

ಬ್ಯಾಂಕಿನಿಂದ ಬಂದದ್ದನ್ನು ಉಳಿಸಿ, ಕೈಯಲ್ಲಿ ಬರೆದದ್ದನ್ನು ತೆಗೆಯಿರಿ. ಬ್ಯಾಂಕಿನ ಗುರುತು ಇರುವ ಸಾಲನ್ನೇ ಅಳಿಸಿದರೆ ಕೆಲವು ಸಾಫ್ಟ್‌ವೇರ್ ಮುಂದಿನ ಸಲ ಅದನ್ನು ಹೊಸದೆಂದು ಮತ್ತೆ ತರುತ್ತವೆ. ಕೈಯಲ್ಲಿ ಬರೆದ ಟಿಪ್ಪಣಿ ಮುಖ್ಯವಾಗಿದ್ದರೆ ಮೊದಲು ಅದನ್ನು ಬ್ಯಾಂಕಿನ ಸಾಲಿಗೆ ನಕಲಿಸಿ. 'ಮರ್ಜ್' ಅಥವಾ 'ಮ್ಯಾಚ್' ಬಟನ್ ಇದ್ದರೆ ಇನ್ನೂ ಒಳ್ಳೆಯದು. ಉಚಿತವಾಗಿ ಸಿಗುವ ಲೆಕ್ಕದ ಸಾಫ್ಟ್‌ವೇರ್ ಗ್ನುಕ್ಯಾಶ್‌ನಲ್ಲಿ ಇಂಪೋರ್ಟ್ ಮಾಡುವಾಗಲೇ ಹೊಂದಾಣಿಕೆಯ ಪಟ್ಟಿ ಬರುತ್ತದೆ. ಅಲ್ಲಿ 'ಎ' ಗುರುತು ಹೊಸದಾಗಿ ಸೇರಿಸಲು, 'ಸಿ' ಈಗಾಗಲೇ ಇರುವ ಸಾಲಿಗೆ ಹೊಂದಿಸಲು. ಅವಸರದಲ್ಲಿ ಓಕೆ ಒತ್ತದೆ ಈ ಪಟ್ಟಿಯನ್ನು ಒಮ್ಮೆ ಓದಿದರೆ ಅರ್ಧ ತೊಂದರೆ ಅಲ್ಲೇ ನಿಲ್ಲುತ್ತದೆ.

ಒಂದೊಂದು ಸಾಲು ತೆಗೆದಾಗಲೂ ಬ್ಯಾಲೆನ್ಸ್ ನೋಡಿ. ವ್ಯತ್ಯಾಸ ಸೊನ್ನೆಯಾದ ಕೂಡಲೇ ನಿಲ್ಲಿಸಿ.

ಬ್ಯಾಂಕಿನಲ್ಲೇ ಎರಡು ಸಲ ಕಡಿತವಾಗಿದ್ದರೆ

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಹೋಗುವ ನಮ್ಮ ಊರುಗಳಲ್ಲಿ ಇದು ಅಪರೂಪವಲ್ಲ. ಪಾವತಿ ಸುತ್ತುತ್ತಲೇ ಇರುತ್ತದೆ, ನಾವು ಮತ್ತೆ ಒತ್ತುತ್ತೇವೆ. ಎರಡೂ ಹಣ ಅಂಗಡಿಗೆ ತಲುಪಿದ್ದರೆ ರೆಫರೆನ್ಸ್ ನಂಬರ್ ತೋರಿಸಿ ಅಂಗಡಿಯವರಿಂದಲೇ ವಾಪಸ್ ಕೇಳಬೇಕು. ಒಂದು ತಲುಪದೆ ಮಧ್ಯದಲ್ಲಿ ನಿಂತಿದ್ದರೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮ ನಿಮ್ಮ ಪರವಾಗಿದೆ. ಯುಪಿಐನಲ್ಲಿ ವ್ಯಕ್ತಿಗೆ ಕಳಿಸಿದ್ದು ವಹಿವಾಟಿನ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು ಐದು ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬರದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ.

ಹಣ ಮರಳಿದಾಗ ಹಳೆಯ ಡೆಬಿಟ್ ಸಾಲನ್ನು ಅಳಿಸಬೇಡಿ. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಡೆಬಿಟ್ ಮತ್ತು ಜಮಾ ಎರಡೂ ಇರುತ್ತವೆ, ನಿಮ್ಮಲ್ಲೂ ಇರಲಿ. ಆ ಜಮಾವನ್ನು ಆದಾಯ ಎಂದು ಬರೆಯದೆ, ಹಣ ಯಾವ ಖರ್ಚಿನ ಶೀರ್ಷಿಕೆಯಿಂದ ಹೋಗಿತ್ತೋ ಅದೇ ಶೀರ್ಷಿಕೆಗೆ ಹಾಕಿ.